ನಮ್ಮ ಮನೆಯವರ ಹೊಟ್ಟೆಯ ಮೇಲೆ ಒಂಬತ್ತು ಮನೆ

ನನ್ನ ನಾದಿನಿಯಷ್ಟು ನಾಚಿಕೆಗೆಟ್ಟ ಹೆಣ್ಣು ಹಾನಗಲ್ ತಾಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಬೆನ್ನ ಹಿಂದೆ ಆಡುವ ಮಾತಲ್ಲ ಇದು. ಎದುರಿಗೇ ಹೇಳಿದ್ದೇನೆ, ಅವಳೂ ಒಪ್ಪಿದ್ದಾಳೆ!

ಚಿಕ್ಕ ವಯಸ್ಸಿನಲ್ಲೇ, ಒಂದು ಕೂಸೂ ಆಗುವ ಮೊದಲೇ, ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಡುಗೆಮನೆಯ ಮೂಲೆಯಲ್ಲಿ ಕೂತು ಮುದುಕಿಯಾಗಲಾರೆ, ಹುಬ್ಬಳ್ಳಿಯ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿಯುತ್ತೇನೆ ಎಂದು ಹಟ ಹಿಡಿದಳು. ಮಾವನವರು ಕಳಿಸಿದರು, ಆದರೆ ಕರಾರು ಹಾಕಿ: ಪರೀಕ್ಷೆಗೆ ಒಂದೇ ಸಲ ಕೂಡುವುದು, ನಪಾಸಾದರೆ ಮನೆಯಲ್ಲೇ ಕೂಡುವುದು. ಆ ಪರೀಕ್ಷೆಗೆ ಓದಿಕೊಳ್ಳಲು ಊರಿಗೆ ಬಂದಳು ನೋಡಿ, ಅಲ್ಲಿಗೆ ನಮ್ಮ ಮನೆಯ ಮಾನ ಮುಗಿಯಿತು.

ಮೈಯ ಒಂದೊಂದು ಭಾಗಕ್ಕೂ ಡಾಕ್ಟರರು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದಾರಂತೆ. ಅವೆಲ್ಲ ಬಾಯಿಪಾಠವಾಗಬೇಕಂತೆ. ಆಗಲಿ, ಬೇಡವೆಂದವರಾರು? ಆದರೆ ಈಕೆ ಕಲಿತದ್ದು ದೇವರ ಮುಂದೆ! ಪೂಜೆಗೆ ಕೂಡುವಾಗ ಹಣೆ, ಕೊರಳು, ತೋಳು, ಎದೆ ಎಂದು ವಿಭೂತಿ ಧರಿಸುತ್ತ ನಾವು ಶಿವನಾಮ ಹೇಳುತ್ತೇವಲ್ಲ, ಈಕೆ ವಿಭೂತಿ ಇಟ್ಟಲ್ಲೆಲ್ಲ ದವಾಖಾನೆಯ ಹೆಸರು ಹೇಳುತ್ತಿದ್ದಳು. ಕೇಳಿ ನನ್ನ ಕೈಯ ಬಿಲ್ವಪತ್ರೆ ಜಾರಿತು.

"ದೇವರ ಮುಂದ ಇದೇನ ನಿಂದು?"

"ಅಂವಾ ಮಾಡಿದ್ದಕ್ಕ ಹೆಸರ ಹೇಳಾಕತ್ತೇನಿ, ವೈನಿ. ಬೈಯಾಕತ್ತಿಲ್ಲಲ್ಲ."

ಶಿವ ತಾಳ್ಮೆಯವನು. ನಾನಲ್ಲ.

ಪಾಠ ಹೊಟ್ಟೆಗೆ ಬಂದ ಮೇಲೆ ಇನ್ನೂ ಕೆಟ್ಟಿತು. ಹೊಟ್ಟೆ ಎಂದರೆ ಒಂದಲ್ಲವಂತೆ, ಉದ್ದಕ್ಕೆರಡು ಗೆರೆ, ಅಡ್ಡಕ್ಕೆರಡು ಗೆರೆ ಎಳೆದರೆ ಒಂಬತ್ತು ಮನೆಗಳಂತೆ! ಗೆರೆ ಎಳೆಯಲು ಹೊಟ್ಟೆ ಬೇಕಲ್ಲ? ನನ್ನನ್ನು ಕೇಳಿದಳು. ಸೂಲಗಿತ್ತಿಯ ಹೊರತು ಯಾರೂ ನೋಡದ ಹೊಟ್ಟೆ ಇದು, ನೀನು ಬರೆಯುವ ಪಾಟಿಯಲ್ಲ ಎಂದು ಗದರಿಸಿ ಕಳಿಸಿದೆ.

ಮರುದಿನ ನಮ್ಮ ಮನೆಯವರು ರೊಟ್ಟಿ ಉಂಡು ಪಡಸಾಲೆಯಲ್ಲಿ ಬರಿಮೈಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ಒಲೆಯ ಇದ್ದಲಿ ತಂದು ಅವರ ಹೊಟ್ಟೆಯ ಮೇಲೆ ಬರೆದೇ ಬಿಟ್ಟಳು. ಅದೇ ಹೊತ್ತಿಗೆ ಶಿಗ್ಗಾವಿಯ ನೆಂಟರೊಬ್ಬರು ಬರಬೇಕೇ? ಇವರು ಎದ್ದು, ಹಾಗೆಯೇ ಗೋಡೆಗೆ ಒರಗಿ, ಮಳೆ ಬೆಳೆ ಮಾತಾಡಿದರು. ನಾನು ಬಾಗಿಲ ಸಂದಿಯಿಂದ ಬಳೆ ಸದ್ದು ಮಾಡಿದ್ದೇ ಮಾಡಿದ್ದು. ಚಹಾ ತರಲೇ ಎಂದು ಕೇಳುತ್ತಿದ್ದೇನೆಂದುಕೊಂಡು "ತಾ, ತಾ" ಎಂದರು!

ಕಾಮಾಲೆಯಾದರೆ ಹೊಟ್ಟೆಗೆ ಬರೆ ಹಾಕಿಸುವ ಸೀಮೆ ನಮ್ಮದು. ಸುಡದೆ, ಬರಿಯ ಇದ್ದಲಿಯಲ್ಲಿ ಹಾಕುವ ಹೊಸ ಬರೆ ಇದು ಎಂದು ನೆಂಟರು ತಿಳಿದರು. ತಿಳಿದು ಸುಮ್ಮನಿದ್ದರೇ? ಸವಣೂರಿನ ಸಂತೆಯಲ್ಲೆಲ್ಲ ಹೇಳಿದರು. ಕೆಲವೇ ದಿನದಲ್ಲಿ ಅಲ್ಲಿಯವನೊಬ್ಬ ನಮ್ಮ ಹೊಸ್ತಿಲಲ್ಲಿ ಅಂಗಿ ಎತ್ತಿ ನಿಂತಿದ್ದ.

"ಚೌಕಾ ಬರಿಯೋ ತಾಯಿ ಇದಾರೇನ್ರಿ?"

ತಾಯಿ ಓಡಿಬಂದಳು, ಕೈಯಲ್ಲಿ ಇದ್ದಲಿ! ಒಂಬತ್ತು ಮನೆ ಬರೆದು, ಎಡಕ್ಕೆ ಮೇಲಿನದನ್ನು ಒತ್ತಿ ನೋಡಿ, ಇದು ಚಳಿಜ್ವರದ ಗಡ್ಡೆ, ದವಾಖಾನೆಗೆ ಹೋಗಿ ಕ್ವಿನೈನ್ ಕೇಳಿ ಎಂದಳು. ಅವನ ಮುಖ ಸಣ್ಣದಾಯಿತು. ಗೆರೆಯಷ್ಟೇ ಸಾಕಿತ್ತಂತೆ. ತೊಟ್ಟಿಲಲ್ಲಿದ್ದ ನನ್ನ ಕೂಸಿನ ಹೊಟ್ಟೆಗೆ ಆ ಇದ್ದಲಿ ಮುಟ್ಟಲಿಲ್ಲವಲ್ಲ, ಅಷ್ಟಾದರೂ ಶಿವನ ದಯೆ ಎಂದುಕೊಂಡೆ. ಮಾವನವರು ಬೈಯಲಿಲ್ಲ. ಕರಾರು ನೆನಪಿದೆಯಲ್ಲ ಎಂದಷ್ಟೇ ಕೇಳಿದರು.

ಪರೀಕ್ಷೆಗೆ ಹೊರಡುವ ಬೆಳಿಗ್ಗೆ ಬುತ್ತಿ ಕಟ್ಟಿ ಅವಳನ್ನು ಹುಡುಕಿದೆ. ಒಳಕೋಣೆಯಲ್ಲಿ ಕಾಳಿನ ಚೀಲಕ್ಕೆ ಒರಗಿ ಕೂತಿದ್ದಳು.

"ಹೊಟ್ಟಿ ಹೆಸರೆಲ್ಲಾ ಮರತೇನಿ, ವೈನಿ. ನನಗಿನ್ನ ಆ ಅಡಗಿಮನಿ ಮೂಲಿನ ಗತಿ."

ಎಂಥ ಹೆಣ್ಣು! ಇಷ್ಟು ದಿನ ಮನೆಯನ್ನೆಲ್ಲ ಕುಣಿಸಿ ಈಗ ಮರೆತಳಂತೆ! ಬಾಗಿಲಿಗೆ ಅಗುಳಿ ಹಾಕಿದೆ. ಚಾಪೆಯ ಮೇಲೆ ಮಲಗಿ ಸೆರಗು ಸರಿಸಿದೆ.

"ಬರಿ" ಎಂದೆ.

ಇದ್ದಲಿ ಹುಡುಕಲಿಲ್ಲ. ಬರಿ ಬೆರಳಿನಲ್ಲೇ ಗೆರೆ ಎಳೆದಳು. ಮೊದಲ ಹೆಸರು ತಡವರಿಸುತ್ತ ಬಂತು, ಉಳಿದವು ಅದರ ಹಿಂದೆ ಬಂದವು. ಕೆಳಗಿನ ಸಾಲಿನ ನಡುಮನೆಗೆ ಬಂದಾಗ ಬೆರಳು ನಿಂತಿತು. ನನ್ನ ಮೂರು ಮಕ್ಕಳು ಇದ್ದು ಬಂದ ಜಾಗ ಅದು. ಅವಳು ಅಂಗೈ ಅಗಲಿಸಿ ಅಲ್ಲಿಟ್ಟಳು. ಕಣ್ಣು ತುಂಬಿದವು.

"ಹೈಪೋಗ್ಯಾಸ್ಟ್ರಿಕ್" ಎಂದೆ ನಾನು. ಯಾವಾಗ ಕಲಿತೆನೋ, ಶಿವನಿಗೇ ಗೊತ್ತು.

ಅವಳು ಅಲ್ಲಿಯೇ ಕೆನ್ನೆ ಊರಿದಳು. ಮೋಟಾರು ಹೊರಡುವ ಹೊತ್ತಾಗಿತ್ತು, ಏಳು ಎನ್ನಬೇಕಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದೆ.