ಏಡಿಯ ಹೊಲಿಗೆ

"ಈ ಮನೇಲಿ ಒಬ್ಬನೇ ದರ್ಜಿ ಇರಬೇಕು. ಒಂದೋ ನಾನು, ಇಲ್ಲಾ ಆ ಏಡಿ!"

ಮೂವತ್ತು ವರ್ಷ ಊರವರ ಸೊಂಟವನ್ನೆಲ್ಲ ಅಳೆದ ದರ್ಜಿ ಮಹಾಶಯರು ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದರು. ಕೇಳಿಸಿಕೊಂಡದ್ದು ಹೊಲಿಗೆ ಯಂತ್ರ ಮಾತ್ರ. ಹೆಂಡತಿ ಹಜಾರದಲ್ಲಿ ಗಾಜಿನ ತೊಟ್ಟಿಗೆ ಮೂಗು ಒತ್ತಿಕೊಂಡು ಕೂತಿದ್ದರು. ಒಳಗಿದ್ದದ್ದು ಬೆಚ್ಚಗಿನ ಕಡಲಿನ ಪುಟ್ಟ ಜೇಡ ಏಡಿ. ಕೋಟಿನ ಗುಂಡಿಯಷ್ಟು ಮೈ, ಸುತ್ತಲೂ ದಾರದಂಥ ಕಾಲುಗಳು. ಶತ್ರುಗಳ ಕಣ್ಣಿಗೆ ಬೀಳಬಾರದೆಂದು ಪಾಚಿಯ ಚೂರು ಕತ್ತರಿಸಿ, ಅಂಚನ್ನು ಬಾಯಲ್ಲಿ ಜಗಿದು, ಬೆನ್ನ ಮೇಲಿನ ಕೊಕ್ಕೆಗೂದಲಿಗೆ ಸಿಕ್ಕಿಸಿಕೊಳ್ಳುವುದೇ ಅದರ ದಿನಚರಿ.

"ನೋಡ್ರೀ, ಸೂಜಿ ಇಲ್ಲ, ದಾರ ಇಲ್ಲ. ಎಷ್ಟು ಚೆನ್ನಾಗಿ ಕೂತಿದೆ!"

"ಎಡಭುಜ ಇಳಿದಿದೆ."

"ಏಡಿಗೆ ಭುಜ ಎಲ್ಲಿರತ್ತೆ ರೀ?"

ದರ್ಜಿಯ ಹೊಟ್ಟೆ ಉರಿದುಹೋಯಿತು. ತಾನು ಹೊಲಿದ ಒಂದು ಕಾಲರನ್ನಾದರೂ ಈಕೆ ಹೀಗೆ ಕಣ್ಣರಳಿಸಿ ನೋಡಿದ್ದುಂಟೇ?

ಮರುದಿನ ಹೆಂಡತಿ ಹೊರಗೆ ಹೋದದ್ದೇ ತಡ, ದರ್ಜಿ ತೊಟ್ಟಿಯ ಪಾಚಿಯನ್ನೆಲ್ಲ ಕಿತ್ತೆಸೆದು, ಅಂಗಡಿಯ ಕೆಂಪು ಮಖಮಲ್ ಚೂರುಗಳನ್ನು ಉದುರಿಸಿದರು. "ಇದನ್ನ ಹೊಲಿ ನೋಡೋಣ, ಮಗನೇ!"

ಏಡಿ ಅದನ್ನೂ ಜಗಿದು ಬೆನ್ನಿಗೇರಿಸಿತು. ಕೆಂಪು ಬಣ್ಣ ಅದಕ್ಕೆ ಒಪ್ಪಿತು ಕೂಡ! ದರ್ಜಿ ಹಲ್ಲು ಕಡಿಯುತ್ತ ಅಂಗಡಿಗೆ ಹೊರಟರು.

ಮಧ್ಯಾಹ್ನ ಬಂದು ನೋಡಿದರೆ ಮಖಮಲ್ ಬಣ್ಣ ಬಿಟ್ಟು ನೀರೆಲ್ಲ ಗುಲಾಬಿ! ಮರಳಿನ ಮೇಲೆ ಏಡಿ ಕದಲದೆ ಬಿದ್ದಿತ್ತು. ಮುಟ್ಟಿದರೆ ಒಳಗೆ ಏನೂ ಇಲ್ಲ, ಬರೀ ಚಿಪ್ಪು! ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ.

"ಕೊಂದುಬಿಟ್ಟೆ ಕಣೇ!" ಮೊಣಕೈವರೆಗೆ ತೊಟ್ಟಿಯಲ್ಲಿದ್ದ ದರ್ಜಿ ಗೋಳಿಟ್ಟರು. "ನೀನು ಅದನ್ನೇ ಹೊಗಳ್ತಿದ್ದೆ. ತಡ್ಕೊಳ್ಳೋಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು!"

ಹೆಂಡತಿ ಬಗ್ಗಿ ನೋಡಿದರು. ಕಲ್ಲಿನ ಹಿಂದಿನಿಂದ ಎಳೆ ಮೈಯ ಏಡಿಯೊಂದು ಮೆಲ್ಲನೆ ಬಂದು, ಹಳೆಯ ಚಿಪ್ಪಿನಿಂದ ಮಖಮಲ್ ಬಿಡಿಸಿ ತನ್ನ ಬೆನ್ನಿಗೆ ಸಿಕ್ಕಿಸಿಕೊಳ್ಳತೊಡಗಿತು.

"ಸತ್ತಿಲ್ಲ ರೀ. ಮೈ ಬೆಳೀತು, ಹಳೇ ಚಿಪ್ಪು ಕಳಚಿದೆ. ಇದ್ದ ಬಟ್ಟೇನೇ ಬಿಚ್ಚಿ ಹೊಸ ಮೈಗೆ ಹೊಂದಿಸ್ಕೊಳ್ತಿದೆ. ಇವತ್ತಿನ ಕೆಲಸ ಇವತ್ತೇ! ನನ್ನ ನೀಲಿ ಕೋಟು ಬಿಗಿಯಾಗಿದೆ, ಸ್ವಲ್ಪ ಬಿಡಿಸಿಕೊಡಿ ಅಂತ ನಿಮ್ಮ ಕೈಗಿಟ್ಟು ಎರಡು ವರ್ಷ ಆಯ್ತು."

"ನಾಳೆ ಕೊಡ್ತೀನಿ ಅಂದಿದ್ದೆನಲ್ಲ..."

"ಏಳುನೂರು ನಾಳೆ ಕಳೀತು!"

ದರ್ಜಿ ತೊಟ್ಟಿಯ ನೀರು ಬದಲಿಸಿ, ಊಟವನ್ನೂ ಬಿಟ್ಟು ಯಂತ್ರದ ಮುಂದೆ ಕೂತರು. ಸಂಜೆಗೆ ಕೋಟು ತಯಾರು. ಹೆಂಡತಿ ತೊಟ್ಟರು. ಅಳತೆ ಅಚ್ಚುಕಟ್ಟು, ಎಲ್ಲೂ ಒಂದು ಸುಕ್ಕಿಲ್ಲ! ಇನ್ನೇನು ಹೊಗಳಿಕೆ ಬಂತೆಂದು ದರ್ಜಿ ಎದೆಯುಬ್ಬಿಸಿ ನಿಂತರು.

ಹೆಂಡತಿ ಅವರನ್ನು ದಾಟಿ ನೇರ ತೊಟ್ಟಿಯ ಮುಂದೆ ಹೋಗಿ, ಒಂದು ಸುತ್ತು ತಿರುಗಿ ಕೇಳಿದರು:

"ಹೇಗಿದೆ, ಹೇಳೋ ಪುಟ್ಟಾ?"