ಟಯರಿಲ್ಲದ ಯಂತ್ರದ ಹೊಗೆ

ಲೆಕ್ಕ ಹಾಕುವವರಿಗೆ ಕಂಪ್ಯೂಟರ್ ಇದ್ದರೆ ಸಾಕು, ಕಣ್ಣು ಬೇಡ ಎಂದು ನಾನು ಬಹುಕಾಲ ನಂಬಿದ್ದೆ. ಮಣಿಪಾಲದ ಪುಟ್ಟ ಕಚೇರಿಯೊಂದರಲ್ಲಿ ಕುಳಿತು, ಬಂದರಿನಲ್ಲಿ ಕಂಟೈನರ್ ಎತ್ತುವ ಯಂತ್ರಗಳು ವರ್ಷಕ್ಕೆ ಎಷ್ಟು ಹೊಗೆ ಬಿಡುತ್ತವೆ ಎಂದು ಅಂದಾಜು ಮಾಡುವುದು ನನ್ನ ಉದ್ಯೋಗ. ಕಾರ್ಕಳದ ನನ್ನ ಅತ್ತೆಗೆ ಇದನ್ನು ವಿವರಿಸಿದಾಗ, "ಹೊಗೆಯನ್ನು ಎಂತದರಲ್ಲಿ ಅಳೆಯುವುದು? ಸೇರಿನಲ್ಲಾ, ಕಿಲೋದಲ್ಲಾ?" ಎಂದು ನಕ್ಕರು. ಕಿಲೋದಲ್ಲೇ ಎಂದೆ. ಅಂದಿನಿಂದ ಅವರು ನೆಂಟರೆದುರು ನನ್ನ ಉದ್ಯೋಗದ ಸುದ್ದಿ ಎತ್ತುವುದನ್ನೇ ಬಿಟ್ಟರು.

ನಿಜ ಹೇಳಬೇಕೆಂದರೆ ಹೊಗೆಯನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಇಂಜಿನ್ನಿನ ಅಶ್ವಶಕ್ತಿ, ಓಡಿದ ಗಂಟೆ, ಹೊತ್ತ ಭಾರ ಇವನ್ನೆಲ್ಲ ಗುಣಿಸಿ, ಆ ಇಂಜಿನ್ ತಯಾರಾದ ಕಾಲಕ್ಕೆ ತಕ್ಕ ಹೊಗೆಯ ಪ್ರಮಾಣದಿಂದ ಮತ್ತೊಮ್ಮೆ ಗುಣಿಸಿದರೆ ಮುಗಿಯಿತು. ಹೀಗೆ ಎಸಿ ಕೋಣೆಯಲ್ಲಿ ಗುಣಿಸಿ ಗುಣಿಸಿ, ಕರಾವಳಿಯ ಒಂದು ಬಂದರಿಗೆ (ಹೆಸರು ಬೇಡ, ನನ್ನದೇ ಮಾನದ ಪ್ರಶ್ನೆ) ದಪ್ಪನೆಯ ವರದಿ ಕಳುಹಿಸಿದೆ. ವಾರದೊಳಗೆ ಅಲ್ಲಿನ ಮ್ಯಾನೇಜರರ ಫೋನ್ ಬಂತು. "ಮೇಡಂ, ನಿಮ್ಮ ಲೆಕ್ಕದಷ್ಟು ಹೊಗೆ ಬರಬೇಕಾದರೆ ನಾವು ಖರೀದಿಸಿದ್ದರ ಎರಡರಷ್ಟು ಡೀಸೆಲ್ ಸುಟ್ಟಿರಬೇಕು. ಉಳಿದದ್ದು ಎಲ್ಲಿಂದ ಬಂತು, ಸಮುದ್ರದಿಂದಲಾ?" ನಮ್ಮ ಕಚೇರಿಯ ಯಜಮಾನರಾದ ಶೆಣೈ ಸರ್ ಕನ್ನಡಕ ತೆಗೆದು ಒರೆಸಿದರು. ಅವರು ಬೈಯುವುದಿಲ್ಲ, ಒರೆಸುತ್ತಾರೆ. "ಹತ್ತು ದಿವಸದಲ್ಲಿ ಸರಿ ಮಾಡಿ. ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ ಹೋಗ್ತದೆ" ಎಂದರು.

ಮರುದಿನವೇ ಬಸ್ಸು ಹತ್ತಿದೆ. ಉದ್ಯಾವರ ದಾಟಿತು, ಕಾಪು ದಾಟಿತು, ನಾನು ಮಾತ್ರ ಯಂತ್ರಗಳ ಪಟ್ಟಿಯನ್ನು ತೊಡೆಯ ಮೇಲಿಟ್ಟು ಮತ್ತೆ ಮತ್ತೆ ಗುಣಿಸುತ್ತಲೇ ಇದ್ದೆ. ಬಂದರಿನಲ್ಲಿ ನನಗೆ ಜೊತೆಯಾದವರು ಹೆಜಮಾಡಿಯ ಹಮೀದಾಕ. ಗಲ್ಫಿನ ಬಂದರುಗಳಲ್ಲಿ ಯಂತ್ರ ಓಡಿಸಿ ತಲೆ ನರೆಸಿಕೊಂಡು ಬಂದು, ಈಗ ಇಲ್ಲಿ ಮೇಲ್ವಿಚಾರಕರಾಗಿರುವವರು. ನನ್ನ ಪಟ್ಟಿಯನ್ನು ಓದುತ್ತಾ ಓದುತ್ತಾ ಒಂದು ಸಾಲಿಗೆ ಬಂದು ನಿಂತರು.

"ಈ ಏಳನೇ ನಂಬರಿನದ್ದು ದಿವಸಕ್ಕೆ ಹದಿನಾರು ಗಂಟೆ ಓಡ್ತದಾ ಮೇಡಂ?"

"ಹೌದು. ಹಳೆಯ ಇಂಜಿನ್ ಅಲ್ವಾ, ಅತಿ ಹೆಚ್ಚು ಹೊಗೆ ಅದರದ್ದೇ" ಎಂದೆ, ಜ್ಞಾನಿಯ ಗತ್ತಿನಲ್ಲಿ.

ಅವರು ಗೋದಾಮಿನ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಏಳನೇ ನಂಬರಿನ ಯಂತ್ರ ಕಲ್ಲುಗಳ ಮೇಲೆ ಕುಳಿತಿತ್ತು. ಮೈತುಂಬ ಬಳ್ಳಿ ಹಬ್ಬಿತ್ತು. "ಇದಕ್ಕೆ ಟಯರೇ ಇಲ್ಲ ಮಾರಾಯ್ರೆ!" ಎಂದರು ಹಮೀದಾಕ. ಪಟ್ಟಿಯಲ್ಲಿ ಗಂಟೆಯ ಜಾಗ ಖಾಲಿ ಇದ್ದುದಕ್ಕೆ ಉಳಿದ ಯಂತ್ರಗಳ ಸರಾಸರಿಯನ್ನು ತುಂಬಿಸಿದವಳು ನಾನೇ.

ಉಳಿದ ತಪ್ಪನ್ನೂ ಅವರೇ ತೋರಿಸಿದರು. "ಮೀಟರ್ ಇಂಜಿನ್ ಆನ್ ಇದ್ದ ಗಂಟೆ ಹೇಳ್ತದೆ, ದುಡಿದ ಗಂಟೆ ಅಲ್ಲ. ಲಾರಿ ಬರುವವರೆಗೆ ಸುಮ್ಮನೆ ಉರೀತಾ ಇರ್ತದೆ."

"ಆಫ್ ಮಾಡಬಾರದಾ?"

"ಈ ಬಿಸಿಲಲ್ಲಿ ಚಾಲಕರಿಗೆ ಕ್ಯಾಬಿನ್ನಿನ ಎಸಿ ಬಿಟ್ಟು ಕೂರಲಿಕ್ಕೆ ಬೇರೆ ಜಾಗ ಎಲ್ಲಿ ಉಂಟು?"

ನಾನೋ, ಪ್ರತಿ ಗಂಟೆಯೂ ಭಾರ ಹೊತ್ತೇ ಓಡಿದೆಯೆಂದು ಬರೆದಿದ್ದೆ! ಐದು ದಿನ ಅವರ ಪಕ್ಕ ಸ್ಟೂಲ್ ಹಾಕಿ ಕುಳಿತು, ಪ್ರತಿ ಯಂತ್ರ ದುಡಿದದ್ದೆಷ್ಟು, ಕಾದದ್ದೆಷ್ಟು ಎಂದು ಬರೆದೆ. ಬಿಸಿಲಿಗೆ ನನ್ನ ಮೂಗು ಸುಟ್ಟ ಬದನೆಯಂತಾಯಿತು. ಹೊಸ ಅಂದಾಜು ಬಂದರು ಖರೀದಿಸಿದ ಡೀಸೆಲ್‌ಗೆ ಬಹುತೇಕ ತಾಳೆಯಾದಾಗ ಕುರ್ಚಿಯಿಂದ ಜಿಗಿದೆ. ಸಭೆಯಲ್ಲಿ ಮ್ಯಾನೇಜರರು ಪುಟ ತಿರುಗಿಸಿ ತಿರುಗಿಸಿ ನೋಡಿ, "ಇದು ಲೆಕ್ಕ!" ಎಂದರು. ಶೆಣೈ ಸರ್ ಕನ್ನಡಕಕ್ಕೆ ಕೈಹಾಕಲಿಲ್ಲ. ಅಷ್ಟೇ ಅಲ್ಲ, ಕಾಯುವ ಚಾಲಕರಿಗೆ ಫ್ಯಾನ್ ಇರುವ ನೆರಳಿನ ಕೋಣೆ ಕಟ್ಟಬೇಕು, ಆಗ ಇಂಜಿನ್ ಆರಿಸಬಹುದು ಎಂಬ ಹಮೀದಾಕರ ಮಾತನ್ನು ನಾನು ವರದಿಯಲ್ಲಿ ಅವರ ಹೆಸರಿನಲ್ಲೇ ಸೇರಿಸಿದ್ದೆ. ಅದೂ ಒಪ್ಪಿಗೆಯಾಯಿತು.

ಕೋಣೆ ಸಿದ್ಧವಾದ ದಿನ ನನ್ನನ್ನೇ ಮುಖ್ಯ ಅತಿಥಿ ಮಾಡಿದರು. ರಿಬ್ಬನ್ ಇಲ್ಲ. ಓಡುತ್ತಿರುವ ಒಂದು ಯಂತ್ರದ ಇಂಜಿನ್ ಆರಿಸುವುದೇ ಉದ್ಘಾಟನೆ. ಚಪ್ಪಾಳೆಯ ನಡುವೆ ಗಂಭೀರವಾಗಿ ಏಣಿ ಹತ್ತಿ ಚಾಲಕನ ಸೀಟಿನಲ್ಲಿ ಕುಳಿತೆ. ಆ ಬಂದರಿನ ಪ್ರತಿ ಇಂಜಿನ್ನಿನ ಅಶ್ವಶಕ್ತಿಯನ್ನು ಬಾಯಿಪಾಠ ಒಪ್ಪಿಸಬಲ್ಲ ನನಗೆ, ಅದನ್ನು ಆರಿಸುವ ಕೀ ಎಲ್ಲಿದೆಯೆಂದು ಗೊತ್ತಿರಲಿಲ್ಲ. ವೈಪರ್ ಓಡಿತು, ಹಾರ್ನ್ ಕೂಗಿತು, ಇಂಜಿನ್ ಉರಿಯುತ್ತಲೇ ಇತ್ತು. ಕೊನೆಗೆ ಹಮೀದಾಕ ಮೇಲೆ ಬಂದು, ಕೈಚಾಚಿ ಆರಿಸಿ, "ಈ ಐದು ನಿಮಿಷದ ಹೊಗೆ ಲೆಕ್ಕಕ್ಕೆ ಉಂಟಾ ಮೇಡಂ?" ಎಂದು ಕೇಳಿದರು.

ಸೇರಿಸಿದ್ದೇನೆ. ಚಾಲಕರ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.