ಕೋಳಿ ದೊರೆಯ ಮೊಟ್ಟೆ ಚೆಂಡು

ಡ್ರಿಲ್ ಮೇಷ್ಟ್ರ ಕೆಲಸದಲ್ಲಿ ನಗೋ ಪ್ರಸಂಗಗಳಿಗೆ ಯಾವತ್ತೂ ಬರ ಇಲ್ಲ. ನಗೋರು ಬೇರೆಯವರು, ಸೀಟಿ ಕಚ್ಕೊಂಡು ನಿಂತಿರೋರು ನಾವು, ಅಷ್ಟೇ ವ್ಯತ್ಯಾಸ.

ನಾನು ನಂದಗುಡಿ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಅರವತ್ತರ ದಶಕ ಮುಗೀತಾ ಬಂದಿತ್ತು. ರೈತರಿಗೆ ಕೋಳಿ ಸಾಕೋದು ಹೇಳಿಕೊಡೋಕೆ ಅಂತ ಅಮೆರಿಕದಿಂದ ಒಬ್ಬ ಯುವಕ ಬಂದು ನಮ್ಮೂರಲ್ಲೇ ಮನೆ ಮಾಡಿದ. ಭಾರಿ ಎತ್ತರ, ಸೈಕಲ್ ತುಳಿದರೆ ಮಂಡಿ ಹ್ಯಾಂಡಲಿಗೆ ಬಡಿಯೋದು. ಊರವರು ಅವನಿಗೆ ‘ಕೋಳಿ ದೊರೆ’ ಅಂತ ಹೆಸರಿಟ್ಟರು. ಅವನು ಬರೋವರೆಗೂ ಊರಲ್ಲಿ ಪ್ಯಾಂಟು ಹಾಕ್ಕೊಂಡು, ಬೂಟು ಸದ್ದು ಮಾಡ್ಕೊಂಡು ಓಡಾಡ್ತಿದ್ದೋನು ನಾನೊಬ್ಬನೇ. ನನಗೆ ಹೊಟ್ಟೆ ಉರಿಯೋಕೆ ಇಷ್ಟು ಸಾಲದೇ?

ಅಗಿದು ತಿಂದೋನು

ಒಂದು ಭಾನುವಾರ ಹೆಡ್ಮೇಷ್ಟ್ರು ಹೇಳಿದರು ಅಂತ ಅವನನ್ನ ಊಟಕ್ಕೆ ಕರೆದೆ. ನನ್ನ ಹೆಂಡತಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಅವನು ಮುದ್ದೆ ಮುರಿದು ಬಾಯಿಗಿಟ್ಟ. ನುಂಗಲಿಲ್ಲ, ಅಗಿಯೋಕೆ ಶುರು ಮಾಡಿದ. ಅಗಿದ, ಅಗಿದ, ಹಲ್ಲಿಗೆಲ್ಲ ಮೆತ್ಕೊಂಡು ಮಾತೇ ಹೊರಡದ ಹಾಗಾಯ್ತು. ಕಣ್ಣಲ್ಲಿ ನೀರು.

ಈಗ ನಗ್ತಾಳೆ ಅಂತ ಹೆಂಡತಿಯ ಮುಖ ನೋಡಿದೆ. ಅವಳು ಸೆರಗು ಬಾಯಿಗಿಟ್ಕೊಂಡು ಕರಗಿಹೋಗಿದ್ದಳು. “ನೋಡ್ರೀ, ಎಷ್ಟು ರುಚಿ ಕಂಡು, ಅಗಿದು ಅಗಿದು ತಿಂತಾ ಇದಾನೆ. ಮದುವೆಯಾದಾಗಿಂದ ನೀವು ನನ್ನ ಮುದ್ದೆ ಹಲ್ಲಿಗೆ ತಾಗಿಸಿದ್ದೀರಾ?”

ಅವನ ತಟ್ಟೆಗೆ ಇನ್ನೊಂದು ಮುದ್ದೆ ಬಿತ್ತು. ನನಗೂ ಒಂದು ಬೇಕು ಅಂತ ಕೈ ಚಾಚಿದೆ. “ನಿಮಗೆ ಸಾಕು ಬಿಡಿ,” ಅಂದಳು, “ಡ್ರಿಲ್ ಮೇಷ್ಟ್ರಿಗೆ ಹೊಟ್ಟೆ ಬಂದ್ರೆ ಜನ ಏನಂತಾರೆ?”

ಇದರ ಮರಿ

ಅವನ ಮನೆಯಿಂದ ಒಂದು ಪಾರ್ಸಲ್ ಬಂತು. ಒಳಗೆ ಅವರ ದೇಶದ ಫುಟ್‌ಬಾಲು. ನಮ್ಮ ಫುಟ್‌ಬಾಲಿನಂತೆ ದುಂಡಗಿಲ್ಲ. ಕಂದು ಬಣ್ಣ, ಎರಡೂ ತುದಿ ಚೂಪು, ಹೊಟ್ಟೆಗೆ ಹೊಲಿಗೆ. ಆ ಚೆಂಡನ್ನ ಒದೆಯೋದಕ್ಕಿಂತ ಕಂಕುಳಲ್ಲಿ ಇಟ್ಕೊಂಡು ಓಡೋದೇ ಜಾಸ್ತಿಯಂತೆ. ಅದು ಬಂದ ದಿನದಿಂದ ನನ್ನ ವಾಲಿಬಾಲಿಗೆ ದಿಕ್ಕಿಲ್ಲದ ಹಾಗಾಯ್ತು.

ಅದನ್ನ ಅವನ ಪಡಸಾಲೆಯಲ್ಲಿ ನೋಡಿದ ಪಕ್ಕದ ಮನೆ ಅಜ್ಜಿ ಮೆಲ್ಲಗೆ ಸವರಿದಳು. “ಇದು ನಿಮ್ಮೂರ ಕೋಳೀದಾ ದೊರೆ?”

“ಹೌದು, ನಮ್ಮ ಊರದು,” ಅಂದ ಅವನು. ಕನ್ನಡ ಅರ್ಧ ತಿಳೀತಿತ್ತು.

“ಮರಿಯಾದ್ಮೇಲೆ ನಂಗೊಂದು ಕೊಡಪ್ಪ.”

“ಕೊಡ್ತೀನಿ ಅಜ್ಜಿ.”

ಆ ಅಜ್ಜಿ ಎರಡು ವಾರ ದಿನಾ ಬಂದು ವಿಚಾರಿಸಿದಳು. ಕೊನೆಗೆ ನಾನೇ ಮುಂದೆ ಬಿದ್ದು, “ಅದು ಚರ್ಮದ್ದು ಅಜ್ಜಿ, ಒಳಗೆ ಗಾಳಿ, ಮರಿ ಗಿರಿ ಬರಲ್ಲ,” ಅಂತ ತಿಳಿಹೇಳಿದೆ. ಅಜ್ಜಿ ನನ್ನನ್ನ ಅಡಿಯಿಂದ ಮುಡಿಯವರೆಗೂ ನೋಡಿ, “ನಿಂಗ್ಯಾಕಪ್ಪ ಇಷ್ಟು ಸಂಕಟ? ಬೇಕಿದ್ರೆ ನೀನೂ ಒಂದು ಕೇಳು, ದೊರೆ ಇಲ್ಲ ಅನ್ನಲ್ಲ,” ಅಂದಳು.

ಜಗಲಿ ಮೇಲಿನ ಕಥೆ

ಒಂದು ಸಂಜೆ ಜಗಲಿ ಮೇಲೆ ಕೂತು ಅವನು ತನ್ನ ಚಿಕ್ಕಂದಿನ ಒಂದು ಪಂದ್ಯದ ಕಥೆ ಹೇಳಿದ. ಸಂಬಳ ತಗೊಂಡು ಆಡೋ ದೊಡ್ಡ ತಂಡಗಳ ಕೊನೇ ಪಂದ್ಯ. ಗೆದ್ದೋರು ಇಡೀ ದೇಶಕ್ಕೆ ಚಾಂಪಿಯನ್ನು. ಅಪ್ಪ ಇವನನ್ನ ಕರ್ಕೊಂಡು ಹೋಗಿದ್ದಾರೆ. ಮೈ ಕೊರೆಯೋ ಚಳಿ. ಇವರ ಊರಿನ ತಂಡಕ್ಕೆ ಆವತ್ತು ಕೈಯೂ ಇಲ್ಲ, ಕಾಲೂ ಇಲ್ಲ. ಎದುರಿನವರು ಚೆಂಡು ಹಿಡಿದು ಓಡಿದ್ದೇ ಓಡಿದ್ದು, ಅಂಕದ ಮೇಲೆ ಅಂಕ. ಇವರದು ಸೊನ್ನೆ. ಸುತ್ತ ಕೂತಿದ್ದವರೆಲ್ಲ ಎದ್ದು ಮನೆಗೆ ಹೋದರಂತೆ. ಅಪ್ಪ ಮಾತ್ರ ಏಳಲಿಲ್ಲವಂತೆ. “ಆಡ್ತಾ ಇರೋರು ನಮ್ಮವರು. ಅವರು ನಿಂತಿರೋವಾಗ ನಾವು ಹೋಗೋದಾ?” ಅಂದರಂತೆ.

ಇಷ್ಟನ್ನೂ ಅವನು ತಡವರಿಸ್ತಾ, ಪದ ಹುಡುಕ್ತಾ ಹೇಳಿದ. ಜಗಲಿ ಮೇಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಹೊಸಕೋಟೆಯಲ್ಲಿ ನಾನು ಎಷ್ಟು ಪಂದ್ಯ ಸೋತು ಬಂದಿದ್ದೀನಿ, ಯಾರಾದರೂ ಒಬ್ಬರು ಮೂಗಾದರೂ ಒರೆಸಿದ್ದರಾ?

ಕೊನೆಗೆ ಅವನು ಎದೆ ಮುಟ್ಕೊಂಡು, “ಆಗ ನಾನು ಅತ್ತೆ,” ಅಂದ.

ಮೂಲೆಯಿಂದ ಒಬ್ಬ ಮುದುಕಿ, “ನೀನ್ಯಾಕಪ್ಪ ಅತ್ತೆ ಆಗ್ತೀಯ? ಗಂಡಸು ನೀನು, ಮಾವ ಆಗು!” ಅಂದಳು.

ಹೋಬಳಿ ಚಾಂಪಿಯನ್

ಅವನ ಹತ್ತಿರ ಕೋಳಿ ಸಾಕೋಕೆ ಕಲೀತಿದ್ದ ಯುವಕರೆಲ್ಲ ಸೇರಿ ಈ ಆಟದ ತಂಡ ಕಟ್ಟಿದರು. ನನಗೆ ತಡೆಯೋಕಾಗಲಿಲ್ಲ. ನನ್ನ ಕಬಡ್ಡಿ ತಂಡಕ್ಕೆ ಹೇಳಿದೆ, “ಇದೇನು ಮಹಾ ಕಣ್ರೋ? ನುಗ್ಗೋದು, ಹಿಡಿಯೋದು, ಕೆಡವೋದು. ಕಬಡ್ಡಿಗೆ ಒಂದು ಚೆಂಡು ಕೊಟ್ಟವ್ರೆ, ಅಷ್ಟೇ.” ಹೋಬಳಿ ಚಾಂಪಿಯನ್ ಪಟ್ಟಕ್ಕೆ ಪಂದ್ಯ ಅಂತ ಡಂಗುರ ಸಾರಿಸಿದೆವು. ಇದ್ದಿದ್ದೇ ಎರಡು ತಂಡ, ಹಾಗಾಗಿ ಮೊದಲನೇ ಆಟವೇ ಫೈನಲ್ಲು. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಮುಖ್ಯ ಅತಿಥಿಯಾಗಿ ಬಂದರು.

ಕೋಳಿ ದೊರೆ ನಿಯಮ ಹೇಳಿದ್ದ: ಚೆಂಡು ಹಿಡಿದು ಎದುರಿನವರ ಕಡೇ ಗೆರೆ ದಾಟಿದರೆ ನಮಗೆ ಅಂಕ. ಚೆಂಡಿನ ಸಮೇತ ನಮ್ಮದೇ ಕಡೇ ಗೆರೆಯಾಚೆ ಹೋಗಿ ಕೂತರೆ ಅವರಿಗೆ ಅಂಕ.

ಸೀಟಿ ಊದಿದೆ. ನನ್ನ ಕ್ಯಾಪ್ಟನ್ನು, ನಮ್ಮೂರ ರೈತರ ಮಗ, ಚೆಂಡನ್ನ ಕಂಕುಳಿಗೆ ಸಿಕ್ಕಿಸಿ “ಕಬಡ್ಡಿ ಕಬಡ್ಡಿ” ಅಂತ ಉಸಿರು ಕಟ್ಟಿ ನುಗ್ಗಿದ. ಎದುರಿನ ಒಬ್ಬನನ್ನ ಮುಟ್ಟಿದ. ಮುಟ್ಟಿದೋನು ಗಕ್ಕನೆ ತಿರುಗಿ ವಾಪಸ್ ಓಡಿಬಂದು, ನಮ್ಮ ಕಡೇ ಗೆರೆಯನ್ನೂ ದಾಟಿ ಹೋಗಿ ಕೂತ! ಅವರಿಗೆ ಅಂಕ. ಮುಂದಿನ ಸಲ ಇನ್ನೊಬ್ಬ, ಆಮೇಲೆ ಮತ್ತೊಬ್ಬ, ಎಲ್ಲರೂ ಹಾಗೇ. “ಮುಂದಕ್ಕೆ ಹೋಗ್ರೋ!” ಅಂತ ಕಿರುಚಿದೆ. ಉಸಿರು ಕಟ್ಟಿದೋನಿಗೆ ಕಿವಿ ಎಲ್ಲಿ ಕೇಳುತ್ತೆ?

ಅವರ ಕೈಗೆ ಚೆಂಡು ಹೋದಾಗ ಇನ್ನೂ ಚೆಂದ. ನುಗ್ಗಿದೋನು ವಾಪಸ್ ಹೋಗೋವಾಗ ತಡೀಬೇಕು ಅನ್ನೋದು ನಮ್ಮವರಿಗೆ ರಕ್ತದಲ್ಲೇ ಇತ್ತು. ಅವನ ಬೆನ್ನ ಹಿಂದೆ ನಡುಗೆರೆಗೆ ಓಡಿ, ಕೈಗೆ ಕೈ ಕೊಟ್ಟು ಗೋಡೆ ಕಟ್ಟಿ ನಿಂತರು. ಅವನು ಯಾಕೆ ವಾಪಸ್ ಹೋಗ್ತಾನೆ? ಮುಂದೆ ಬಯಲು ಬಯಲು. ಆರಾಮಾಗಿ ನಡ್ಕೊಂಡೇ ಹೋಗಿ ನಮ್ಮ ಗೆರೆ ದಾಟಿದ. ಅಂಕ ಬರೀತಿದ್ದ ಹೆಡ್ಮೇಷ್ಟ್ರು ಕಪ್ಪು ಹಲಗೆಯಲ್ಲಿ ಜಾಗ ಸಾಲದೆ ಕಂಬದ ಮೇಲೆ ಬರೆದರು. ಎಲ್ಲಾ ಅವರದೇ. ನಮ್ಮದು ಸೊನ್ನೆ.

ಆಟ ಮುಗೀತು. ಕ್ಯಾಪ್ಟನ್ ಬೆವರು ಸುರಿಸ್ಕೊಂಡು ಬಂದ. “ಸಾರ್, ನಾನು ಒಂದ್ಸಲಾನಾದ್ರೂ ಸಿಕ್ಕಿಬಿದ್ನಾ? ಅವರೇ ದಾರಿ ಬಿಟ್ಟು ಚಪ್ಪಾಳೆ ತಟ್ಟಿದ್ರು ಸಾರ್. ಎಂಥಾ ಒಳ್ಳೇ ಜನ!”

ಅಷ್ಟರಲ್ಲಿ ಮುಖ್ಯ ಅತಿಥಿಗಳು ಕಪ್ ಎತ್ಕೊಂಡು ಸೀದಾ ನನ್ನ ಕಡೆಗೇ ಬಂದರು. ಒಂದು ಸಲಾನೂ ಸಿಕ್ಕಿಬೀಳದೆ ಚೆಂಡು ಮನೆಗೆ ತಂದೋರು ಇವರೇ ಅಂತ ಅವರ ಕಬಡ್ಡಿ ಲೆಕ್ಕ. ಕೊರಳಿಗೆ ಹಾರ ಹಾಕಿದರು.

“ಸಾರ್, ನಾವು ಸೋತಿದ್ದೀವಿ,” ಅಂದೆ.

“ಆಹಾ, ಎಂಥಾ ವಿನಯ ರೀ ನಿಮ್ಮದು!” ಅಂತ ಇನ್ನೊಂದು ಹಾರ ಹಾಕಿದರು.

ಎಲ್ಲರಿಗಿಂತ ಜೋರಾಗಿ ಕೋಳಿ ದೊರೆಯೇ ಚಪ್ಪಾಳೆ ತಟ್ಟಿದ. ಹೆಂಗಸರ ಸಾಲಿನಿಂದ ನನ್ನ ಹೆಂಡತಿಯ ದನಿ ಕೇಳಿಸ್ತು: “ಅಯ್ಯೋ, ಎಂಥಾ ದೊಡ್ಡ ಮನಸ್ಸು ಆ ಹುಡುಗಂದು!” ಎರಡು ಹಾರದ ಕೆಳಗೆ ನನ್ನ ಎದೆ ಬೆಂದುಹೋಯ್ತು. ಕೈಯಲ್ಲಿ ಕಪ್ ಇತ್ತು ನಿಜ, ಇಡೀ ಊರಿನ ಕಣ್ಣೆಲ್ಲ ಅವನ ಮೇಲೆ.

ಹೊರಡೋ ಮುಂಚೆ ಮುಖ್ಯ ಅತಿಥಿಗಳು ಆ ಅಮೆರಿಕದವನ ಹತ್ತಿರ ಹೋಗಿ, ಬೆನ್ನು ತಟ್ಟಿ ಸಮಾಧಾನ ಹೇಳಿದರು:

“ಬೇಜಾರು ಮಾಡ್ಕೋಬೇಡಪ್ಪ. ನಿನಗೆ ಈ ಆಟ ಹೊಸದು. ನಮ್ಮ ಮೇಷ್ಟ್ರ ಹತ್ರ ನಾಲ್ಕು ದಿನ ಕಲಿ, ಬಂದುಬಿಡುತ್ತೆ.”